ಬೆಳಕಿನ ಬರಹ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳೆಯ ಮನೆಗಳನ್ನು ಹೊಕ್ಕವರಿಗೆ ಒಂದು ನೋಟವು ಸಾಮಾನ್ಯವಾಗಿ ಕಾಣಸಿಗುತ್ತದೆ. ನಡುಮನೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನ ಪಕ್ಕದಲ್ಲಿ, ಕಟ್ಟು ಹಾಕಿಸಿದ ಕೆಲವು ಭಾವಚಿತ್ರಗಳು ತೂಗುತ್ತಿರುತ್ತವೆ. ಪೇಟ ಸುತ್ತಿದ ಅಜ್ಜ, ಕುರ್ಚಿಯ ಅಂಚಿನಲ್ಲಿ ಮೈ ಬಿಗಿಹಿಡಿದು ಕುಳಿತ ಅಜ್ಜಿ, ಅವರ ಸುತ್ತ ಕಣ್ಣರಳಿಸಿ ನಿಂತ ಮಕ್ಕಳು. ಕೆಲವು ಚಿತ್ರಗಳಲ್ಲಿ ಮುಖವು ತುಸು ಮಸುಕಾಗಿರುತ್ತದೆ. ಅಂಚಿನಲ್ಲಿ ಯಾರದೋ ಭುಜವೊಂದು ಇಣುಕುತ್ತದೆ. ಅದಕ್ಕೆ ಕಾರಣವುಂಟು. ಬದುಕಿದ್ದಾಗ ಆಕೆ ಒಮ್ಮೆಯೂ ತನಗಾಗಿ ಚಿತ್ರ ತೆಗೆಸಿಕೊಂಡವಳಲ್ಲ. ತೀರಿಕೊಂಡ ಮೇಲೆ ಮನೆಯವರು ಯಾವುದೋ ಮದುವೆಯ ಗುಂಪುಚಿತ್ರವನ್ನು ಹುಡುಕಿ ಸ್ಟುಡಿಯೊಗೆ ಒಯ್ದರು. ಛಾಯಾಗ್ರಾಹಕನು ಆ ಗುಂಪಿನಿಂದ ಅವಳ ಮುಖವನ್ನಷ್ಟೇ ಬೇರ್ಪಡಿಸಿ ದೊಡ್ಡದು ಮಾಡಿ ಕೊಟ್ಟನು. ಮುಂದಿನ ತಲೆಮಾರಿಗೆ ಆ ಒಂದು ಚಿತ್ರವೇ ಅವಳ ಗುರುತು.

ಇಂದು ಅದೇ ಮನೆಯ ಮೊಮ್ಮಕ್ಕಳು ಒಂದು ಹಬ್ಬದ ದಿನ ನೂರು ಚಿತ್ರಗಳನ್ನು ತೆಗೆಯಬಲ್ಲರು. ಅದಕ್ಕೆ ಹಣವೂ ಬೇಡ, ಪೇಟೆಗೆ ಹೋಗುವ ತೊಂದರೆಯೂ ಇಲ್ಲ. ಒಂದೇ ಒಂದು ಚಿತ್ರಕ್ಕಾಗಿ ಹಂಬಲಿಸಿದ ಕಾಲಕ್ಕೂ ಲೆಕ್ಕವಿಲ್ಲದಷ್ಟು ಚಿತ್ರಗಳ ಈ ಕಾಲಕ್ಕೂ ನಡುವೆ ಇರುವುದು ಫಿಲ್ಮಿನಿಂದ ಡಿಜಿಟಲ್ ಕ್ಯಾಮೆರಾಕ್ಕೆ ಆದ ಬದಲಾವಣೆ. ಆ ಬದಲಾವಣೆಯು ಹೇಗೆ ಬಂದಿತು, ಏನನ್ನು ಕೊಟ್ಟಿತು, ಏನನ್ನು ಮನುಷ್ಯನ ಹೊಣೆಗೆ ಬಿಟ್ಟಿತು ಎಂಬುದು ತಿಳಿಯಬೇಕಾದ ಸಂಗತಿ.

ಬೆಳಕಿನಿಂದಲೇ ಚಿತ್ರವನ್ನು ಬರೆಯಿಸಬಹುದೆಂದು ಮೊದಲು ಸಾಧಿಸಿ ತೋರಿಸಿದವರು ಫ್ರಾನ್ಸ್ ದೇಶದವರು. ನಿಯೆಪ್ಸ್ ಎಂಬಾತನು 1820ರ ದಶಕದಲ್ಲಿ ತನ್ನ ಮನೆಯ ಕಿಟಕಿಯಿಂದ ಕಾಣುತ್ತಿದ್ದ ನೋಟವನ್ನು ಲೋಹದ ಫಲಕವೊಂದರ ಮೇಲೆ ಹಿಡಿದನು. ಆತನ ಜತೆಗಾರನಾಗಿದ್ದ ಡಾಗೇರ್‌ನ ವಿಧಾನವು 1839ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಅದೇ ಕಾಲದಲ್ಲಿ ಇಂಗ್ಲೆಂಡಿನ ಟಾಲ್ಬಟ್ ಎಂಬಾತನು ಒಂದು ಮೂಲಚಿತ್ರದಿಂದ ಹಲವು ಪ್ರತಿಗಳನ್ನು ಪಡೆಯುವ ಬಗೆಯನ್ನು ಕಂಡುಕೊಂಡನು. ಆದರೆ ಆ ದಿನಗಳಲ್ಲಿ ಚಿತ್ರ ತೆಗೆಯುವುದು ಸಾಮಾನ್ಯರ ಕೈಗೆ ಎಟುಕುವ ಕೆಲಸವಾಗಿರಲಿಲ್ಲ. ಭಾರವಾದ ಪೆಟ್ಟಿಗೆ, ಗಾಜಿನ ಫಲಕಗಳು, ರಾಸಾಯನಿಕಗಳು, ಮೂರು ಕಾಲಿನ ನಿಲುವು, ಇವೆಲ್ಲವನ್ನೂ ಹೊತ್ತು ನಡೆಯಬೇಕಾಗಿತ್ತು.

ಈ ಹೊರೆಯನ್ನು ಇಳಿಸಿದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. ಆತನು 1888ರಲ್ಲಿ ಮಾರಾಟಕ್ಕೆ ತಂದ ಕೊಡಕ್ ಕ್ಯಾಮೆರಾದೊಳಗೆ 100 ಚಿತ್ರಗಳಿಗೆ ಸಾಲುವ ಸುರುಳಿಯು ಮೊದಲೇ ತುಂಬಿರುತ್ತಿತ್ತು. ಚಿತ್ರಗಳು ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರಾಯಿತು. ಅಲ್ಲಿಯವರು ಚಿತ್ರಗಳನ್ನು ಸಿದ್ಧಪಡಿಸಿ, ಹೊಸ ಸುರುಳಿಯನ್ನು ತುಂಬಿ ಹಿಂದಿರುಗಿಸುತ್ತಿದ್ದರು. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾವು 35 ಮಿಲಿಮೀಟರ್ ಅಗಲದ ಸಣ್ಣ ಫಿಲ್ಮನ್ನು ಜನಪ್ರಿಯಗೊಳಿಸಿತು. ಕ್ಯಾಮೆರಾವು ಸುಲಭವಾಗಬೇಕೆಂಬ ಬಯಕೆ ಇಂದಿನದಲ್ಲ; ಅದು ಛಾಯಾಗ್ರಹಣದಷ್ಟೇ ಹಳೆಯದು.

ಫಿಲ್ಮು ಎಂಬುದು ಪಾರದರ್ಶಕವಾದ ಪಟ್ಟಿ. ಅದರ ಮೇಲೆ ಬೆಳ್ಳಿಯ ಲವಣಗಳನ್ನು ಬೆರೆಸಿದ ಜೆಲಟಿನ್ನಿನ ತೆಳುವಾದ ಲೇಪವಿರುತ್ತದೆ. ಷಟರ್ ತೆರೆದು ಮುಚ್ಚುವ ಕ್ಷಣಕಾಲದಲ್ಲಿ ಮಸೂರದ ಮೂಲಕ ಹಾಯ್ದ ಬೆಳಕು ಈ ಲವಣದ ಹರಳುಗಳನ್ನು ತಾಕುತ್ತದೆ. ಆಗ ಮೂಡುವ ಬಿಂಬವು ಕಣ್ಣಿಗೆ ಕಾಣದು; ಅದು ಮಲಗಿದ ಬೀಜದಂತೆ ಸುಪ್ತವಾಗಿರುತ್ತದೆ. ಕತ್ತಲೆಯಲ್ಲಿ ಫಿಲ್ಮನ್ನು ಡೆವಲಪರ್ ಎಂಬ ದ್ರಾವಣದಲ್ಲಿ ಅದ್ದಿದಾಗ ಬೆಳಕು ಬಿದ್ದ ಹರಳುಗಳು ಕಪ್ಪು ಬೆಳ್ಳಿಯಾಗಿ ಮಾರ್ಪಡುತ್ತವೆ. ಬೆಳಕು ಬೀಳದ ಲವಣವನ್ನು ಹೈಪೊ ದ್ರಾವಣವು ಕರಗಿಸಿ ತೆಗೆಯುತ್ತದೆ. ಹೀಗೆ ದೊರೆಯುವ ನೆಗೆಟಿವ್‌ನಲ್ಲಿ ಎಲ್ಲವೂ ತಲೆಕೆಳಗು: ಬಿಳಿಯ ಪಂಚೆ ಕಪ್ಪಾಗಿ, ಕಪ್ಪು ಕೂದಲು ಬೆಳ್ಳಗಾಗಿ ಕಾಣುತ್ತದೆ. ಅದರ ಮೂಲಕ ಮತ್ತೊಮ್ಮೆ ಬೆಳಕನ್ನು ಹಾಯಿಸಿ, ಬೆಳ್ಳಿಯ ಲೇಪವುಳ್ಳ ಕಾಗದದ ಮೇಲೆ ಬೀಳಿಸಿ, ಅದನ್ನೂ ಹಾಗೆಯೇ ತೊಳೆದಾಗ ನಿಜವಾದ ಚಿತ್ರವು ಮೂಡುತ್ತದೆ. ಈ ಫಿಲ್ಮನ್ನು ನಮ್ಮ ದೇಶದಲ್ಲಿಯೇ ತಯಾರಿಸಬೇಕೆಂದು ಭಾರತ ಸರ್ಕಾರವು 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಎಂಬ ಉದ್ಯಮವನ್ನು ಸ್ಥಾಪಿಸಿತು. ‘ಇಂದು’ ಎಂಬ ಹೆಸರಿನ ಅದರ ಫಿಲ್ಮು ಮತ್ತು ಕಾಗದಗಳು ದೇಶದ ಸ್ಟುಡಿಯೊಗಳಲ್ಲಿ ಬಳಕೆಯಾದವು.

ತಾಲ್ಲೂಕು ಕೇಂದ್ರದ ಸ್ಟುಡಿಯೊ ಎಂದರೆ ಸಾಮಾನ್ಯವಾಗಿ ಎರಡು ಕೋಣೆಗಳ ಅಂಗಡಿ. ಮುಂದಿನ ಕೋಣೆಯಲ್ಲಿ ಉದ್ಯಾನವನ್ನೋ ಅರಮನೆಯ ಮೆಟ್ಟಿಲನ್ನೋ ಬರೆದ ಪರದೆ, ಒಂದು ಕನ್ನಡಿ, ಒಂದು ಬಾಚಣಿಗೆ, ಎರಡು ದೊಡ್ಡ ದೀಪಗಳು. ಹಿಂದಿನದು ಕತ್ತಲೆಯ ಕೋಣೆ. ಅದರ ಮಂದವಾದ ಕೆಂಪು ಬೆಳಕಿನಲ್ಲಿ, ದ್ರಾವಣದ ತಟ್ಟೆಯೊಳಗೆ ಬೆಳ್ಳನೆಯ ಕಾಗದದಿಂದ ಒಂದು ಮುಖವು ಮೆಲ್ಲಮೆಲ್ಲನೆ ಎದ್ದು ಬರುವುದನ್ನು ಕಂಡವರು ಆ ನೋಟವನ್ನು ಮರೆಯಲಾರರು. ಅಲ್ಲಿಯ ಛಾಯಾಗ್ರಾಹಕನು ಬೆಳಕನ್ನು ಕಣ್ಣಳತೆಯಿಂದಲೇ ಅಳೆಯಬಲ್ಲವನಾಗಿರುತ್ತಿದ್ದನು. ನೆಗೆಟಿವ್‌ನ ಮೇಲೆ ಮೊನಚಾದ ಪೆನ್ಸಿಲಿನಿಂದ ತಿದ್ದಿ ಮುಖದ ಕಲೆಗಳನ್ನು ಮರೆಸುವ ಕುಶಲತೆ ಅವನಿಗೆ ಕರಗತವಾಗಿತ್ತು. ಬಣ್ಣದ ಚಿತ್ರಗಳು ಬಂದ ಮೇಲೆ ರೀಲುಗಳನ್ನು ತೊಳೆಸಲು ದೊಡ್ಡ ಊರುಗಳ ಪ್ರಯೋಗಾಲಯಗಳಿಗೆ ಕಳುಹಿಸಿ, ಅವು ಹಿಂದಿರುಗುವವರೆಗೆ ಕಾಯಬೇಕಾಗುತ್ತಿತ್ತು.

ಈ ಕೆಲಸದಲ್ಲಿ ತಪ್ಪಿಗೆ ಕ್ಷಮೆಯಿರಲಿಲ್ಲ. ದೊಡ್ಡ ಅಳತೆಯ ರೀಲಿನಲ್ಲಿ 12 ಚಿತ್ರಗಳು, ಸಣ್ಣ ಅಳತೆಯದರಲ್ಲಿ 36 ಚಿತ್ರಗಳು, ಅಷ್ಟೇ. ಧಾರೆಯ ಹೊತ್ತಿನಲ್ಲಿ ವಧು ಕಣ್ಣು ಮುಚ್ಚಿದ್ದರೆ ಅದು ತಿಳಿಯುತ್ತಿದ್ದುದು ರೀಲು ತೊಳೆದ ಮೇಲೆ. ಫಿಲ್ಮಿಗೆ ಎಲ್ಲಿಂದಲೋ ಬೆಳಕು ಸೋಕಿದರೆ ಇಡೀ ಮದುವೆಯೇ ಅಳಿಸಿಹೋಗುತ್ತಿತ್ತು. ಅದಕ್ಕಾಗಿ ಇನ್ನೊಮ್ಮೆ ತಾಳಿ ಕಟ್ಟಿಸುವಂತಿಲ್ಲವಷ್ಟೆ. ಆದ್ದರಿಂದ ಗುಂಡಿಯನ್ನು ಒತ್ತುವ ಮೊದಲು ಛಾಯಾಗ್ರಾಹಕನು ಎರಡು ಬಾರಿ ಯೋಚಿಸುತ್ತಿದ್ದನು. ಚಿತ್ರ ತೆಗೆಸಿಕೊಳ್ಳುವವರೂ ಒಗೆದ ಬಟ್ಟೆ ಉಟ್ಟು, ತಲೆ ಬಾಚಿ, ಉಸಿರು ಹಿಡಿದು ಕುಳಿತುಕೊಳ್ಳುತ್ತಿದ್ದರು. ದುಬಾರಿಯಾದ ಫಿಲ್ಮು ಎಲ್ಲರಿಗೂ ಎಚ್ಚರಿಕೆಯನ್ನು ಕಲಿಸಿತ್ತು.

ಫಿಲ್ಮಿಲ್ಲದ ಕ್ಯಾಮೆರಾದ ಬೀಜವು ಮೊಳೆತದ್ದು 1969ರಲ್ಲಿ. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಸಿ.ಸಿ.ಡಿ. ಎಂಬ ಸಿಲಿಕಾನಿನ ಸಾಧನವನ್ನು ರೂಪಿಸಿದರು. ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಬಲ್ಲ ಈ ಸಾಧನಕ್ಕಾಗಿ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಇದನ್ನು ಬಳಸಿಕೊಂಡು 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರನು ಮೊದಲ ಡಿಜಿಟಲ್ ಕ್ಯಾಮೆರಾವನ್ನು ಕಟ್ಟಿದನು. ಅದರ ತೂಕ ಸುಮಾರು 3.6 ಕಿಲೋಗ್ರಾಂ. ಒಂದು ಕಪ್ಪು ಬಿಳುಪಿನ ಚಿತ್ರವನ್ನು ಕ್ಯಾಸೆಟ್ಟಿನ ಪಟ್ಟಿಯ ಮೇಲೆ ದಾಖಲಿಸಲು ಅದಕ್ಕೆ 23 ಸೆಕೆಂಡುಗಳು ಬೇಕಾಗುತ್ತಿದ್ದವು. ವಿಚಿತ್ರವೆಂದರೆ ಸ್ಯಾಸನ್ ದುಡಿಯುತ್ತಿದ್ದುದು ಫಿಲ್ಮಿನ ವ್ಯಾಪಾರದಿಂದಲೇ ಬೆಳೆದ ಕೊಡಕ್ ಸಂಸ್ಥೆಯಲ್ಲಿ.

ಬೆಳಕು ವಿದ್ಯುತ್ತಾಗುವ ಬಗೆಯನ್ನು ತಿಳಿಯಲು ಪಾವಗಡದವರು ದೂರ ಹೋಗಬೇಕಾಗಿಲ್ಲ. ಆ ತಾಲ್ಲೂಕಿನ ತಿರುಮಣಿ ಮತ್ತು ಸುತ್ತಲಿನ ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರವಿದ್ಯುತ್ ಕ್ಷೇತ್ರವು ಹರಡಿಕೊಂಡಿದೆ. 2018ರಲ್ಲಿ ಉದ್ಘಾಟನೆಗೊಂಡ ಅದರ ಉತ್ಪಾದನಾ ಸಾಮರ್ಥ್ಯವು ಪೂರ್ಣಗೊಂಡಾಗ 2,050 ಮೆಗಾವಾಟ್. ಮಳೆಯನ್ನು ಕಾದು ಕಾದು ಸೋತ ನೆಲದಲ್ಲಿ ಬಿಸಿಲೇ ಬೆಳೆಯಾಯಿತು. ಅಲ್ಲಿಯ ಫಲಕಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಲಿಕಾನ್. ಬೆಳಕು ತಾಕಿದಾಗ ಸಿಲಿಕಾನಿನಲ್ಲಿ ಇಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಕ್ಯಾಮೆರಾದೊಳಗಿನ, ಬೆರಳಿನ ಉಗುರಿನಷ್ಟು ಪುಟ್ಟದಾದ ಸಂವೇದಕದಲ್ಲಿ ನಡೆಯುವುದೂ ಇದೇ ಕ್ರಿಯೆ. ಪಾವಗಡದ ಹೊಲದಲ್ಲಿ ಬೇಕಾದದ್ದು ವಿದ್ಯುತ್ತು. ಕ್ಯಾಮೆರಾದಲ್ಲಿ ಬೇಕಾದದ್ದು ಆ ವಿದ್ಯುತ್ತಿನ ಲೆಕ್ಕ.

ಲೆಕ್ಕವು ಚಿತ್ರವಾಗುವುದು ಹೇಗೆ? ಮನೆಯಂಗಳದ ಚುಕ್ಕಿ ರಂಗೋಲಿಯನ್ನು ನೆನೆದರೆ ಇದು ತಿಳಿಯುತ್ತದೆ. ಸಾಲು ಸಾಲಾಗಿ ಇಟ್ಟ ಚುಕ್ಕಿಗಳಿಂದಲೇ ರಂಗೋಲಿಯ ಹೂವು ಬಳ್ಳಿಗಳು ರೂಪುಗೊಳ್ಳುತ್ತವೆ. ಹಾಗೆಯೇ ಸಂವೇದಕದ ಮೇಲೆ ಬೆಳಕನ್ನು ಅಳೆಯುವ ಅತಿ ಸೂಕ್ಷ್ಮವಾದ ಚುಕ್ಕಿಗಳ ಸಾಲುಗಳಿರುತ್ತವೆ. ಅಡ್ಡಸಾಲಿಗೆ 4,000 ಚುಕ್ಕಿಗಳಿದ್ದು ಅಂತಹ 3,000 ಸಾಲುಗಳಿದ್ದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕಿಗಳಾಗುತ್ತವೆ. ಅದನ್ನೇ 12 ಮೆಗಾಪಿಕ್ಸೆಲ್ ಎನ್ನುತ್ತಾರೆ. ಸ್ಯಾಸನ್‌ನ ಕ್ಯಾಮೆರಾದಲ್ಲಿ ಇದ್ದುದು 10,000 ಚುಕ್ಕಿಗಳು ಮಾತ್ರ. ಪ್ರತಿಯೊಂದು ಚುಕ್ಕಿಯ ಮೇಲೆ ಬಿದ್ದ ಬೆಳಕನ್ನು ಅಳೆದು ಅಂಕಿಯಾಗಿ ಬರೆದಿಡಲಾಗುತ್ತದೆ. ಸಾಮಾನ್ಯವಾದ ಒಂದು ಕ್ರಮದಲ್ಲಿ ಪೂರ್ಣ ಕತ್ತಲೆಗೆ 0, ಅತಿ ಹೆಚ್ಚಿನ ಬೆಳಕಿಗೆ 255, ನಡುವಣ ಛಾಯೆಗಳಿಗೆ ನಡುವಣ ಅಂಕಿಗಳು. ಬಣ್ಣವನ್ನು ಅರಿಯಲು ಚುಕ್ಕಿಗಳ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳನ್ನು ಹೊದಿಸಿರುತ್ತಾರೆ. ‘ಡಿಜಿಟ್’ ಎಂದರೆ ಅಂಕಿ. ಡಿಜಿಟಲ್ ಚಿತ್ರವೆಂದರೆ ಅಂಕಿಗಳಲ್ಲಿ ಬರೆದಿಟ್ಟ ಬೆಳಕು.

1995ರಲ್ಲಿ ಜಪಾನಿನ ಕ್ಯಾಸಿಯೊ ಸಂಸ್ಥೆಯು ಬೆನ್ನಿನಲ್ಲಿ ಪುಟ್ಟ ಪರದೆಯುಳ್ಳ ಡಿಜಿಟಲ್ ಕ್ಯಾಮೆರಾವನ್ನು ಜನಸಾಮಾನ್ಯರಿಗಾಗಿ ಹೊರತಂದಿತು. ಅನಂತರದ ವರ್ಷಗಳಲ್ಲಿ ಜೇಬಿನಲ್ಲಿ ಹಿಡಿಯುವಂತಹ ಕ್ಯಾಮೆರಾಗಳು ಎಲ್ಲೆಡೆ ಹಬ್ಬಿದವು. ಗುಂಡಿಯನ್ನು ಅರ್ಧ ಒತ್ತಿದರೆ ಯಂತ್ರವು ದೂರವನ್ನೂ ಬೆಳಕನ್ನೂ ತಾನೇ ಅಳೆದುಕೊಳ್ಳುತ್ತದೆ. ಪೂರ್ತಿ ಒತ್ತಿದರೆ ಚಿತ್ರವು ದಾಖಲಾಗುತ್ತದೆ. ಇಂತಹ ಅನುಕೂಲಗಳಲ್ಲಿ ಕೆಲವು ಫಿಲ್ಮ್ ಕ್ಯಾಮೆರಾಗಳಲ್ಲಿಯೂ ಇದ್ದವು. ಅವು ಕೊಡಲಾರದೆ ಹೋದದ್ದು ಒಂದನ್ನು: ತೆಗೆದ ಚಿತ್ರವನ್ನು ಆ ಕ್ಷಣವೇ ಕಾಣುವ ಅವಕಾಶವನ್ನು. ವಧು ಕಣ್ಣು ಮುಚ್ಚಿದ್ದರೆ ಆಗಲೇ ತಿಳಿಯುತ್ತದೆ, ಆಗಲೇ ಇನ್ನೊಂದು ಚಿತ್ರವನ್ನು ತೆಗೆಯಬಹುದು. ತಪ್ಪಿಗೆ ದಂಡವಿಲ್ಲದುದರಿಂದ ಕಲಿಯುವವನಿಗೆ ಧೈರ್ಯ ಬಂದಿತು. ಅಂಗಡಿಯವನ ನೆರವಿಲ್ಲದೆ ಸಾಮಾನ್ಯ ಗೃಹಿಣಿಯೂ ಶಾಲೆಯ ಬಾಲಕನೂ ತಮ್ಮ ಲೋಕವನ್ನು ತಾವೇ ಚಿತ್ರಿಸುವಂತಾದುದು ಸಣ್ಣ ಲಾಭವಲ್ಲ.

ಲಾಭದ ಹಿಂದೆಯೇ ನಷ್ಟವೂ ಬಂದಿತು. ಸ್ಟುಡಿಯೊಗಳಲ್ಲಿ ಕತ್ತಲೆಯ ಕೋಣೆಗೆ ಕೆಲಸವಿಲ್ಲವಾಯಿತು. ದ್ರಾವಣದ ತಟ್ಟೆಗಳಿದ್ದ ಜಾಗಕ್ಕೆ ಗಣಕಯಂತ್ರಗಳು ಬಂದವು. ಹೊಸ ವಿದ್ಯೆಯನ್ನು ಕಲಿತವರು ಉಳಿದರು. ಕಲಿಯಲಾರದವರು ಬೇರೆ ದಾರಿ ಹುಡುಕಿಕೊಳ್ಳಬೇಕಾಯಿತು. ಮೊದಲ ಡಿಜಿಟಲ್ ಕ್ಯಾಮೆರಾ ಹುಟ್ಟಿದ ಕೊಡಕ್ ಸಂಸ್ಥೆಯೇ 2012ರ ಜನವರಿಯಲ್ಲಿ ದಿವಾಳಿತನದಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಯಿತು. ಉದಕಮಂಡಲದ ಕಾರ್ಖಾನೆಯ ಉತ್ಪಾದನೆಯೂ ನಿಂತುಹೋಯಿತು. ಮುಂದೆ ಮೊಬೈಲ್ ಫೋನುಗಳೊಳಗೆ ಕ್ಯಾಮೆರಾ ಸೇರಿಕೊಂಡಾಗ, ಫಿಲ್ಮನ್ನು ಹಿಂದೂಡಿದ ಆ ಜೇಬಿನ ಕ್ಯಾಮೆರಾಗಳೇ ಮೂಲೆಗುಂಪಾದವು. ತಂತ್ರಜ್ಞಾನದ ಲೋಕದಲ್ಲಿ ಯಾವ ಗೆಲುವೂ ಶಾಶ್ವತವಲ್ಲ.

ಇಷ್ಟಾದರೂ ಯಂತ್ರವು ಮಾಡಲಾರದ ಕೆಲಸಗಳು ಉಳಿದೇ ಇವೆ. ಅವುಗಳಲ್ಲಿ ಮೊದಲನೆಯದು ನೋಡುವುದು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವವರು ನೂರಾರು ಚಿತ್ರಗಳನ್ನು ತೆಗೆಯುತ್ತಾರೆ. ಆದರೆ ಇಳಿಬಿಸಿಲು ಬಂಡೆಯ ಮೈಯ ಮೇಲೆ ಕೋಟೆಯ ಗೋಡೆಯನ್ನು ಎದ್ದುತೋರಿಸುವ ಗಳಿಗೆಯವರೆಗೆ ಕಾಯುವವರು ವಿರಳ. ಶಿರಾದಲ್ಲಿ 1651ರ ಮಲಿಕ್ ರಿಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಇವೆ. ಅಂತಹ ಹಳೆಯ ಕಟ್ಟಡಗಳ ಕಲ್ಲು ಸವೆಯುವುದನ್ನು, ಬಿರುಕು ಬೆಳೆಯುವುದನ್ನು ವರ್ಷವರ್ಷವೂ ಒಂದೇ ಜಾಗದಿಂದ ಚಿತ್ರಿಸಿಟ್ಟರೆ ಆ ಚಿತ್ರಗಳು ಚರಿತ್ರೆಗೆ ಸಾಕ್ಷಿಯಾಗುತ್ತವೆ. ಕೊರಟಗೆರೆಯ ವಿದ್ಯಾರ್ಥಿಯೊಬ್ಬನು ಪ್ರತಿ ಯುಗಾದಿಯಂದು ಊರಿನ ಕೆರೆಯ ಏರಿಯ ಮೇಲೆ ಅದೇ ಕಲ್ಲಿನ ಬಳಿ ನಿಂತು ಒಂದೇ ಒಂದು ಚಿತ್ರವನ್ನು ತೆಗೆದನೆಂದು ಭಾವಿಸೋಣ. ಹತ್ತು ವರ್ಷಗಳ ಬಳಿಕ ನೀರು ಏರಿದುದೂ ಇಳಿದುದೂ, ಅಂಗಳವು ಒತ್ತುವರಿಯಾದುದೂ ಯಾರೂ ಅಲ್ಲಗಳೆಯಲಾಗದಂತೆ ಅವನ ಕೈಯಲ್ಲಿರುತ್ತದೆ.

ಎರಡನೆಯದು ಅಂತರವನ್ನು ಕಾಯುವುದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಿತವಾದ 798 ಎಕರೆಗಳ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವುಗಳನ್ನು ನೆಂಟರಂತೆ ಕಾಣುತ್ತಾರೆ. ಫಿಲ್ಮಿನ ಕಾಲದಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮೊದಲಾದವರು ವನ್ಯಜೀವಿಗಳ ಚಿತ್ರಗಳಿಂದ ಲೋಕದ ಮನ್ನಣೆಯನ್ನು ಪಡೆದರು. ಅವರ ಬಂಡವಾಳವು ತಾಳ್ಮೆ. ಇಂದು ಕ್ಯಾಮೆರಾವು ಸುಲಭವಾಗಿದೆಯೆಂದು ಗೂಡಿನ ಬುಡಕ್ಕೇ ಹೋಗುವುದು, ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವುದು ಸಲ್ಲದು. ಹೆದರಿ ಹಾರಿದ ತಾಯಿಹಕ್ಕಿಯ ಗೂಡಿನಲ್ಲಿ ಮರಿಗಳು ಬಿಸಿಲಿಗೆ ಬೇಯುತ್ತವೆ. ಯಾವ ಚಿತ್ರಕ್ಕೂ ಅಷ್ಟು ಬೆಲೆಯಿಲ್ಲ.

ಮೂರನೆಯದು ಕಾಪಾಡುವುದು. ಲಕೋಟೆಯಲ್ಲಿ ತಣ್ಣಗೆ, ಒಣಗಿದ ಜಾಗದಲ್ಲಿಟ್ಟ ಕಪ್ಪು ಬಿಳುಪಿನ ನೆಗೆಟಿವ್ ಹಲವು ದಶಕಗಳ ಬಳಿಕವೂ ಬೆಳಕಿಗೆ ಹಿಡಿದರೆ ಮಾತನಾಡುತ್ತದೆ. ಅಂಕಿಗಳ ಚಿತ್ರವು ಹಾಗಲ್ಲ. ಫೋನು ನೀರಿಗೆ ಬಿದ್ದರೆ, ನೆನಪಿನ ಕಾರ್ಡು ಕೆಟ್ಟರೆ, ಬೇರೆ ಪ್ರತಿಯಿಲ್ಲದಿದ್ದಲ್ಲಿ ಹತ್ತು ವರ್ಷಗಳ ಚಿತ್ರಗಳು ಒಂದು ಗಳಿಗೆಯಲ್ಲಿ ಇಲ್ಲವಾಗುತ್ತವೆ. ಸಾವಿರಾರು ಚಿತ್ರಗಳಿದ್ದ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಒಳ್ಳೆಯ ಚಿತ್ರವೂ ಸಿಗದೆ ಹೋಗುವುದುಂಟು. ಅಂದು ಚಿತ್ರಗಳಿಲ್ಲದ್ದರಿಂದ ಅಜ್ಜಿಯ ಮುಖವನ್ನು ಗುಂಪಿನಲ್ಲಿ ಹುಡುಕಬೇಕಾಯಿತು. ಇಂದು ಚಿತ್ರಗಳು ಹೆಚ್ಚಾದುದರಿಂದ ಹುಡುಕಬೇಕಾಗಿದೆ. ಎರಡರ ಫಲವೂ ಒಂದೇ ಆಗಬಾರದು.

ಇದಕ್ಕೆ ಪರಿಹಾರವು ಕಷ್ಟವಾದದ್ದೇನೂ ಅಲ್ಲ. ವರ್ಷಕ್ಕೊಮ್ಮೆ ಕುಳಿತು ಬೇಕಾದ ಚಿತ್ರಗಳನ್ನು ಆರಿಸಬೇಕು. ಆರಿಸಿದವನ್ನು ಬೇರೆ ಬೇರೆ ಎರಡು ಮೂರು ಸ್ಥಳಗಳಲ್ಲಿ ಪ್ರತಿ ಮಾಡಿಡಬೇಕು. ಅತ್ಯಂತ ಮುಖ್ಯವಾದವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ವರ್ಷಗಳನ್ನು ಬರೆಯಬೇಕು. ಹಾಗೆಯೇ ಗೋಡೆಯ ಮೇಲಿನ ಹಳೆಯ ಭಾವಚಿತ್ರಗಳನ್ನು ಹೊಸ ಕ್ಯಾಮೆರಾದಿಂದ ಪ್ರತಿ ತೆಗೆದು, ಅವರು ಯಾರು, ಎಲ್ಲಿಯವರು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಹೆಸರು ಮರೆತುಹೋದ ಚಿತ್ರವು ಉಳಿದೂ ಅನಾಥವಾಗುತ್ತದೆ.

ಬೆಳ್ಳಿಯ ಲವಣವು ಹಿಡಿದದ್ದೂ ಸಿಲಿಕಾನು ಹಿಡಿಯುತ್ತಿರುವುದೂ ಒಂದೇ ಬೆಳಕನ್ನು. ಹಿಂದೆ ಫಿಲ್ಮಿನ ಬೆಲೆಯೇ ಮನುಷ್ಯನನ್ನು ಎಚ್ಚರದಲ್ಲಿರಿಸುತ್ತಿತ್ತು. ಈಗ ಆ ಕಾವಲು ಇಲ್ಲ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಮುಂದಿನವರಿಗೆ ಉಳಿಸಬೇಕು ಎಂಬುದನ್ನು ಕ್ಯಾಮೆರಾ ಹಿಡಿದವರೇ ನಿರ್ಧರಿಸಬೇಕಾಗಿದೆ. ಸಾಧನವು ಸುಲಭವಾದಷ್ಟೂ ಅದನ್ನು ಹಿಡಿದ ಕೈಯ ಹೊಣೆಯು ಹೆಚ್ಚುತ್ತದೆ.

ಅಭ್ಯಾಸ

ಪದಗಳ ಅರ್ಥ
ಸುಪ್ತ – ಅಡಗಿರುವ, ಮಲಗಿರುವ
ಸಂವೇದಕ – ಬೆಳಕು, ಶಾಖ ಮುಂತಾದವನ್ನು ಗ್ರಹಿಸುವ ಸಾಧನ
ಕರಗತ – ಕೈವಶವಾದ, ಚೆನ್ನಾಗಿ ಕಲಿತ
ಏರಿ – ಕೆರೆಯ ಕಟ್ಟೆ

ಪ್ರಶ್ನೆಗಳು
1. ಫಿಲ್ಮಿನ ಮೇಲೆ ಚಿತ್ರವು ಹೇಗೆ ಮೂಡುತ್ತದೆ?
2. ಪಾವಗಡದ ಸೌರಫಲಕಕ್ಕೂ ಡಿಜಿಟಲ್ ಕ್ಯಾಮೆರಾದ ಸಂವೇದಕಕ್ಕೂ ಇರುವ ಸಾಮ್ಯವೇನು? ವ್ಯತ್ಯಾಸವೇನು?
3. ‘ದುಬಾರಿಯಾದ ಫಿಲ್ಮು ಎಲ್ಲರಿಗೂ ಎಚ್ಚರಿಕೆಯನ್ನು ಕಲಿಸಿತ್ತು.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
4. ಡಿಜಿಟಲ್ ಕ್ಯಾಮೆರಾದಿಂದಾದ ಲಾಭ ನಷ್ಟಗಳನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.

ಚಟುವಟಿಕೆ
ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಭಾವಚಿತ್ರದಲ್ಲಿರುವವರು ಯಾರೆಂದು ಹಿರಿಯರನ್ನು ಕೇಳಿ ತಿಳಿದು, ಅವರ ವಿಷಯವಾಗಿ ಒಂದು ಪುಟ ಬರೆಯಿರಿ.